ಉತ್ತರ ಸೇರಿದರೆ ಸಾಕಿತ್ತಲ್ವಾ, ಕೆನಡಾಕ್ಕೆ ಯಾಕೆ ಹೋದರು?

ಪ್ರಶ್ನೆ: ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಗುಲಾಮಗಿರಿ ಇರಲಿಲ್ಲ ಅಂತ ಓದಿದ್ದೇನೆ. ಹಾಗಿದ್ದರೆ ದಕ್ಷಿಣದಿಂದ ತಪ್ಪಿಸಿಕೊಂಡವರು ಅಲ್ಲೇ ನಿಲ್ಲದೆ ಕೆನಡಾದವರೆಗೆ ಯಾಕೆ ಹೋಗುತ್ತಿದ್ದರು?

ಉತ್ತರ: ಉತ್ತರದಲ್ಲಿ ಗುಲಾಮಗಿರಿ ಇರದಿದ್ದರೂ ಹಿಡಿದೊಯ್ಯುವ ಕಾನೂನು ಇತ್ತು. 1793ರ ಕಾಯ್ದೆಯ ಪ್ರಕಾರ, ಓಡಿಹೋದವರು ಯಾವ ರಾಜ್ಯದಲ್ಲಿದ್ದರೂ ಮಾಲೀಕರು ಅವರನ್ನು ಹಿಡಿಯಬಹುದಿತ್ತು. 1850ರಲ್ಲಿ ಅದು ಇನ್ನೂ ಬಿಗಿಯಾಯಿತು. ಓಡಿಬಂದವರಿಗೆ ನೆರವಾದವರಿಗೆ 1000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು.

ಥಾರ್ನ್‌ಟನ್ ಮತ್ತು ಲೂಸಿ ಬ್ಲ್ಯಾಕ್‌ಬರ್ನ್ ದಂಪತಿಗೆ ಆದದ್ದನ್ನೇ ನೋಡಿ. 1831ರಲ್ಲಿ ಅವರು ಗುಲಾಮಗಿರಿ ಇದ್ದ ಕೆಂಟಕಿ ರಾಜ್ಯದ ಲೂಯಿವಿಲ್‌ನಿಂದ ತಪ್ಪಿಸಿಕೊಂಡು, ಉತ್ತರದಲ್ಲಿ ಕೆನಡಾ ಗಡಿಯ ನದಿ ದಂಡೆಯಲ್ಲಿರುವ ಡೆಟ್ರಾಯಿಟ್ ಸೇರಿದರು. ಅಲ್ಲಿ ಸಂಸಾರ ಹೂಡಿ ಎರಡು ವರ್ಷ ಆಗುವಷ್ಟರಲ್ಲಿ ಮಾಲೀಕರ ಕಡೆಯವರು ಹುಡುಕಿಕೊಂಡು ಬಂದರು. ನ್ಯಾಯಾಲಯ ಇಬ್ಬರನ್ನೂ ವಾಪಸ್ ಕಳಿಸಿ ಎಂದಿತು.

ಮುಂದೆ ನಡೆದದ್ದು ಊರಿನ ಕಪ್ಪುಜನರ ಧೈರ್ಯದ ಕಥೆ. ಕ್ಯಾರೊಲಿನ್ ಫ್ರೆಂಚ್ ಎಂಬ ಹೆಂಗಸು ಜೈಲಿಗೆ ಭೇಟಿಗೆ ಹೋಗಿ, ಲೂಸಿಯ ಜೊತೆ ಬಟ್ಟೆ ಬದಲಾಯಿಸಿಕೊಂಡು ತಾನೇ ಒಳಗೆ ಉಳಿದಳು. ಲೂಸಿ ಹೊರಗೆ ನಡೆದುಬಂದು ನದಿ ದಾಟಿದರು. ನನಗಂತೂ ಈ ಕಥೆಯಲ್ಲಿ ಎಲ್ಲರಿಗಿಂತ ದೊಡ್ಡವಳು ಕ್ಯಾರೊಲಿನ್. ಮರುದಿನ ಥಾರ್ನ್‌ಟನ್ ಅವರನ್ನು ಹಡಗಿಗೆ ಸಾಗಿಸುವಾಗ ಜನ ಮುಗಿಬಿದ್ದು ಬಿಡಿಸಿಕೊಂಡರು.

ನದಿಯಾಚೆ ಬ್ರಿಟಿಷರ ಅಪ್ಪರ್ ಕೆನಡಾ, ಅಂದರೆ ಈಗಿನ ಒಂಟಾರಿಯೊ. ಅಲ್ಲಿಗೆ ದಾಟಿಹೋದ ದಂಪತಿಯನ್ನು ಒಪ್ಪಿಸಿ ಎಂದು ಅಮೆರಿಕ ಕೇಳಿತು. ಅಲ್ಲಿನ ಸರ್ಕಾರ ಆಗಲ್ಲ ಅಂದಿತು. ಡೆಟ್ರಾಯಿಟ್‌ಗೂ ಕೆನಡಾಕ್ಕೂ ಇದ್ದ ವ್ಯತ್ಯಾಸ ಇದೇ.

ದಂಪತಿ ಟೊರೊಂಟೊದಲ್ಲಿ ನೆಲೆಯಾದರು. ಮೊದಲು ಥಾರ್ನ್‌ಟನ್ ವಕೀಲರ ಸಂಘದ ಕಟ್ಟಡ ಆಸ್ಗುಡ್ ಹಾಲ್‌ನಲ್ಲಿ ಊಟ ಬಡಿಸುವ ಕೆಲಸ ಮಾಡಿದರು. 1837ರಲ್ಲಿ ಕೆಂಪು, ಹಳದಿ ಬಣ್ಣದ ಕುದುರೆ ಗಾಡಿ ಮಾಡಿಸಿದರು. ನಾಲ್ಕು ಜನ ಕೂರುವ ಗಾಡಿ, ಹೆಸರು 'ದಿ ಸಿಟಿ'. ಆ ನಗರದ ಮೊದಲ ಬಾಡಿಗೆ ಗಾಡಿ ಅದೇ. ಥಾರ್ನ್‌ಟನ್ ಗುಟ್ಟಾಗಿ ಕೆಂಟಕಿಗೆ ಹೋಗಿ ತಾಯಿಯನ್ನೂ ಕರೆತಂದರು. ಸಿಕ್ಕಿಬಿದ್ದಿದ್ದರೆ ಏನಾಗುತ್ತಿತ್ತೋ! ಕೈಯಲ್ಲಿ ದುಡ್ಡು ಸೇರಿದಾಗ ಮನೆಗಳನ್ನು ಕೊಂಡು, ಹೊಸದಾಗಿ ತಪ್ಪಿಸಿಕೊಂಡು ಬಂದವರಿಗೆ ಕಡಿಮೆ ಬಾಡಿಗೆಗೆ ಕೊಟ್ಟರು.

ಹಾಗಂತ ಟೊರೊಂಟೊದಲ್ಲಿ ಬಣ್ಣದ ಭೇದ ಇರಲಿಲ್ಲ ಅಂತಲ್ಲ, ಇತ್ತು. ಆದರೆ ರಾತ್ರಿ ಬಾಗಿಲು ಬಡಿದು ಹಿಡಿದೊಯ್ಯುವ ಹಕ್ಕು ಯಾವ ಮಾಲೀಕನಿಗೂ ಇರಲಿಲ್ಲ.

ಥಾರ್ನ್‌ಟನ್ 1890ರಲ್ಲಿ, ಲೂಸಿ 1895ರಲ್ಲಿ ತೀರಿಕೊಂಡರು. ಓದು ಬರಹ ಬಾರದ ಅವರು ತಮ್ಮ ಬಗ್ಗೆ ಏನೂ ಬರೆದಿಡಲಿಲ್ಲ. 1985ರಲ್ಲಿ ಟೊರೊಂಟೊದ ಶಾಲೆಯೊಂದರ ಅಂಗಳ ಅಗೆದಾಗ ಅವರ ಮನೆಯ ಕುರುಹು ಸಿಕ್ಕಿತು. ಈ ಕಥೆಯ ಬಹುಪಾಲು ಬೆಳಕಿಗೆ ಬಂದದ್ದು ಆಮೇಲೆಯೇ.