ಮೋರೇರ ಮನೆಗೆ ಬೀಗರು ಬಂದರೆ

ಐಹೊಳೆಯ ಮೇಗುತಿ ಗುಡ್ಡ ಹತ್ತಿದವರು ಕವಿ ರವಿಕೀರ್ತಿಯ ಶಾಸನದ ಫೋಟೊ ತೆಗೆದು ಇಳಿದುಬಿಡುತ್ತಾರೆ. ಕ್ರಿ.ಶ. 634ರದು, ಇಮ್ಮಡಿ ಪುಲಿಕೇಶಿಯ ಹೊಗಳಿಕೆ, ಜೊತೆಗೆ ಕಾಳಿದಾಸನ ಹೆಸರು. ನೋಡಲೇಬೇಕು, ಸರಿ. ಆದರೆ ಆ ಶಾಸನವಿರುವ ಗುಡಿಯ ಹಿಂದೆ ಅದಕ್ಕಿಂತ ಎಷ್ಟೋ ಹಳೆಯ ಕಲ್ಲುಗೂಡುಗಳಿವೆ. ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ. ಊರವರು ಮೋರೇರ ಮನೆ ಅಂತಾರೆ. ಮೋರೇರು ಕುಳ್ಳ ಜನವಂತೆ.

ಕುಳ್ಳರೂ ಇಲ್ಲ, ಮನೆಯೂ ಅಲ್ಲ. ಅವು ಬೃಹತ್ ಶಿಲಾಯುಗದ ಸಮಾಧಿಗಳು. ಇದನ್ನು ಎಷ್ಟು ಸಲ ಹೇಳಿದ್ದೇನೋ! ಆದರೆ ಅಣ್ಣನ ಮಗ ಕಿಂಡಿಯಲ್ಲಿ ಇಣುಕಿ ಕೇಳಿದ ಪ್ರಶ್ನೆಗೆ ನಾನೇ ಸೋತೆ.

"ಕಾಕಾ, ಇಲ್ಲಿಗೆ ನಮ್ಮಂಥ ಬೀಗರು ಬಂದ್ರ ಎಲ್ಲಿ ಕೂಡ್ತಾರ?"

ಲೆಕ್ಕ ಹಾಕೋಣ. ಬೀಗರು ಐದೂವರೆ ಅಡಿ, ಮೋರೇರು ಅದರರ್ಧ ಅಂತಿಟ್ಟುಕೊಳ್ಳಿ. ನೆಲದ ಮೇಲೆ ನೆಟ್ಟಗೆ ಕೂತಾಗ ನಮ್ಮ ಎತ್ತರ ನಿಂತದ್ದರ ಅರ್ಧಕ್ಕಿಂತ ಚೂರು ಜಾಸ್ತಿ, ಅಷ್ಟೇ. ಅಂದರೆ ಕೂತ ಬೀಗರೂ ನಿಂತ ಮೋರೇರೂ ಹೆಚ್ಚುಕಡಿಮೆ ಸಮ! ಬಾಗಿಲಲ್ಲಿ ಬಗ್ಗಿ ಬಂದು ಚಾಪೆ ಮೇಲೆ ಕೂತರೆ ಮೂರಡಿ ಜಂತಿಗೂ ತಲೆ ತಾಗುವುದಿಲ್ಲ. ಖುರ್ಚಿ ಕೊಟ್ಟಿರೋ, ಕೆಟ್ಟಿತು.

ನಿಜವಾದ ಫಜೀತಿ ಊಟದ್ದು. ಉದ್ದ, ಅಗಲ, ದಪ್ಪ ಮೂರೂ ಅರ್ಧವಾದರೆ ತೂಕ ಎಂಟರಲ್ಲೊಂದು. ಹಾಗಾದರೆ ಬೀಗರಿಗೆ ಎಂಟು ಪಾಲು ಬಡಿಸಬೇಕೇ? ಬೇಡ. ಮೋರೇರ ತೂಕ ಎಂಟರಲ್ಲೊಂದಾದರೂ ಚರ್ಮ ನಾಲ್ಕರಲ್ಲೊಂದು. ಮೈಗೆ ಹೋಲಿಸಿದರೆ ಚರ್ಮ ಜಾಸ್ತಿ, ಕಾವು ಬೇಗ ಸೋರುತ್ತದೆ. ಕಪ್ಪಿನ ಚಹಾ ಕಿತ್ತಲಿಯದಕ್ಕಿಂತ ಮೊದಲು ಆರುವುದಿಲ್ಲವೇ? ಬೋಗುಣಿ ತುಂಬ ಸಾರು ಬಿಸಿಯಿದ್ದರೂ ಚಮಚದ್ದು ತಣ್ಣಗಾಗುತ್ತದೆ, ಹಾಗೆ. ಆರುವ ಒಲೆಗೆ ಸೌದೆ ಜಾಸ್ತಿ, ಸಣ್ಣ ಮೈಗೆ ತೂಕಕ್ಕೆ ಮೀರಿದ ಹಸಿವು. ಇಲಿ ದಿನವಿಡೀ ತಿನ್ನೋದು ಸುಮ್ನೆ ಅಲ್ಲ. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಅನ್ನುವ ವಿಜ್ಞಾನಿ ಬೇರೆ ಬೇರೆ ಪ್ರಾಣಿಗಳ ಲೆಕ್ಕ ಜೋಡಿಸಿ ಒಂದು ಸೂತ್ರ ಕೊಟ್ಟ. ಅದರ ಪ್ರಕಾರ ಎಂಟು ಪಟ್ಟು ತೂಕಕ್ಕೆ ಬೇಕಾದ ಶಕ್ತಿ ಸುಮಾರು 4.8 ಪಟ್ಟು ಮಾತ್ರ. ಮೋರೇರು ಒಂದು ರೊಟ್ಟಿ ತಿಂದರೆ ಬೀಗರಿಗೆ ಐದು. ಆದರೆ ಅವರ ರೊಟ್ಟಿ ನಮ್ಮ ಹಪ್ಪಳದಷ್ಟೇ ಇದ್ದರೆ? ಆಗ ಲೆಕ್ಕ ಮತ್ತೆ ಹಾಕಬೇಕು.

ಮಲಗಲು ಮಾತ್ರ ಒಳಗೆ ಜಾಗ ಸಾಲದು. ಬಾಗಲಕೋಟೆಯ ಬೇಸಿಗೆಯಾದರೆ ಚಿಂತೆಯಿಲ್ಲ, ಮಾಳಿಗೆ ಮೇಲೆ ಹಾಸಿಕೊಟ್ಟರೆ ಯಾವ ಬೀಗರೂ ಮುನಿಸಿಕೊಳ್ಳುವುದಿಲ್ಲ.