ರಾತ್ರಿ ಏಳಬೇಕಾಗ್ತದಂತ ನೀರು ಬಿಟ್ಟವರು

"ನೀರ್ ಕುಡದ್ರ ರಾತ್ರಿ ನಾಕ್ ಸಲ ಏಳಬೇಕಾಗ್ತದ್ರಿ, ಅದಕ್ಕ ಕಮ್ಮಿ ಮಾಡೀನಿ." ಕಲಬುರಗಿ, ಯಾದಗಿರಿ ಕಡೆಯ ಆಯಿ, ಮುತ್ಯಾಗಳ ಬಾಯಲ್ಲಿ ಈ ಮಾತು ಕೇಳದ ದಿನವಿಲ್ಲ. ಹಳ್ಳಿಯಲ್ಲಿ ಪಾಯಖಾನೆ ಅಂಗಳದ ಆ ಮೂಲೆಗೆ. ಪಟ್ಟಣದ ಎರಡು ಕೋಣೆಯ ಮನೆಯಲ್ಲಿ ಲೈಟ್ ಹಾಕಿದರೆ ಸೊಸೆ, ಮೊಮ್ಮಕ್ಕಳು ಎದ್ದಾರೆಂಬ ಸಂಕೋಚ. ಹೀಗಾಗಿ ಬೆಳಗಿನಿಂದಲೇ ಗಂಟಲು ಒಣಗಿಸಿಕೊಂಡು ಕೂಡುತ್ತಾರೆ, ಅದೂ 42 ಡಿಗ್ರಿ ಬೇಸಿಗೆಯಲ್ಲಿ. ಅಷ್ಟಾದರೂ ರಾತ್ರಿ ಏಳುವುದು ತಪ್ಪುವುದಿಲ್ಲ.

ಯಾಕೆ ತಪ್ಪುವುದಿಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹಗಲೆಲ್ಲ ಕಾಲು ಇಳಿಬಿಟ್ಟು ಕೂತವರ ಮೀನಖಂಡ, ಪಾದದಲ್ಲಿ ನೀರು ಇಳಿದು ನಿಲ್ಲುತ್ತದೆ. ಮಲಗಿದ ಮೇಲೆ ಅದೇ ನೀರು ರಕ್ತಕ್ಕೆ ಮರಳಿ, ಸೋಸಿಕೊಂಡು ಮೂತ್ರಚೀಲ ತುಂಬುತ್ತದೆ. ಸಂಜೆ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ನೋಡಿ. ಕುಳಿ ಬಿದ್ದರೆ ಕಾಲಲ್ಲಿ ನೀರಿದೆ ಎಂದರ್ಥ. ಅಂಥವರು ಮಧ್ಯಾಹ್ನ ಮೂರರ ಸುಮಾರಿಗೆ ಎರಡು ತಲೆದಿಂಬಿನ ಮೇಲೆ ಕಾಲಿಟ್ಟು ಒಂದು ತಾಸು ಮಲಗಿದರೆ ಆ ನೀರು ಹಗಲಲ್ಲೇ ಹೊರಬೀಳುತ್ತದೆ. ಕುಳಿ ದಿನವೂ ಬೀಳುತ್ತಿದ್ದರೆ ಹೃದಯ, ಮೂತ್ರಪಿಂಡ ಒಮ್ಮೆ ತೋರಿಸಬೇಕು.

ಬಿಪಿಗೆ ಕೊಡುವ ನೀರಿನ ಗುಳಿಗೆಯನ್ನು (ಮೂತ್ರ ಹೆಚ್ಚು ಮಾಡಿಸುವ ಗುಳಿಗೆ) ಕೆಲವರು ರಾತ್ರಿ ಊಟದ ಮೇಲೆ ನುಂಗುತ್ತಾರೆ. ಬೆಳಿಗ್ಗೆಗೆ ಬದಲಿಸಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ, ನೀವಾಗಿ ಬಿಡಬೇಡಿ. ಏರಿದ ಶುಗರ್, ಗಂಡಸರಲ್ಲಿ ಊದಿದ ಪ್ರಾಸ್ಟೇಟ್ ಗ್ರಂಥಿ, ಮೂತ್ರದ ಸೋಂಕು, ಇವೂ ಎಬ್ಬಿಸುತ್ತವೆ.

"ನೀರಡಿಕೀನೇ ಆಗಲ್ರಿ" ಎನ್ನುವವರಿಗೆ ಒಂದು ಮಾತು. ವಯಸ್ಸಾದಂತೆ ನೀರಡಿಕೆ ಮಂಕಾಗುತ್ತದೆ, ಮೂತ್ರಪಿಂಡಕ್ಕೆ ನೀರು ಹಿಡಿದಿಡುವ ಕಸುವೂ ಕುಗ್ಗುತ್ತದೆ. ಆದ್ದರಿಂದ ಗಡಿಯಾರ ನೋಡಿ ಕುಡಿಯಬೇಕು. ಸಾಮಾನ್ಯವಾಗಿ 200 ಮಿ.ಲೀ. ಗ್ಲಾಸಿನಲ್ಲಿ ದಿನಕ್ಕೆ ಎಂಟು: ಹನ್ನೆರಡರೊಳಗೆ ನಾಲ್ಕು, ಸಂಜೆ ಆರರೊಳಗೆ ಮತ್ತೆ ಮೂರು, ರಾತ್ರಿ ಊಟಕ್ಕೆ ಒಂದು. ಬಿಸಿಲು ಜೋರಿದ್ದಾಗ ಎರಡು ಹೆಚ್ಚು. ಮಜ್ಜಿಗೆ, ಅಂಬಲಿ ಲೆಕ್ಕಕ್ಕೆ ಬರುತ್ತವೆ, ಬಿಪಿ ಇದ್ದವರು ಅದಕ್ಕೆ ಉಪ್ಪು ಹಾಕಿಕೊಳ್ಳಬೇಡಿ. ಮನೆಯ ತಂಬಿಗೆಗೆ ಎಷ್ಟು ಹಿಡಿಯುತ್ತದೆಂದು ಒಂದು ಲೀಟರ್ ಬಾಟಲಿಯಿಂದ ಒಮ್ಮೆ ಅಳೆದಿಟ್ಟುಕೊಳ್ಳಿ. ಹೃದಯ ದುರ್ಬಲವಾದವರು, ಕಿಡ್ನಿ ತೊಂದರೆಯವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಈ ಲೆಕ್ಕ ಹಿಡಿಯಬಾರದು. ಅವರ ಅಳತೆ ವೈದ್ಯರೇ ಹೇಳಬೇಕು.

ಸಾಕಷ್ಟು ಆಯಿತೋ ಇಲ್ಲವೋ ನೋಡಲು ಮುಂಗೈ ಚರ್ಮ ಚಿವುಟಬೇಡಿ. ಮುಪ್ಪಿನಲ್ಲಿ ಅದು ಹೇಗೂ ಸಡಿಲ. ಮೂತ್ರ ತಿಳಿ ನಿಂಬೆಹಣ್ಣಿನ ಶರಬತ್ತಿನಂತಿದ್ದರೆ ಸರಿ, ಬೆಲ್ಲದ ನೀರಿನಂತಿದ್ದರೆ ಸಾಲದು. ಬಿ-ಕಾಂಪ್ಲೆಕ್ಸ್ ಗುಳಿಗೆ ತಗೊಂಡ ದಿನ ಬಣ್ಣ ನಂಬುವಂತಿಲ್ಲ, ಆಗ ನಾಲಿಗೆ ಒಣಗಿದೆಯೇ ನೋಡಿ. ಬಿಸಿಲುಗಾಲದಲ್ಲಿ ಹಿರಿಯರು ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದರೆ "ವಯಸ್ಸಾಯ್ತು" ಎಂದು ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ನೀರು ಬಿಟ್ಟವರು ಎದ್ದು ನಿಂತಾಗ ಬಿಪಿ ಧಡಕ್ಕನೆ ಇಳಿದು ಕಣ್ಣಿಗೆ ಕತ್ತಲು ಕವಿಯಬಹುದು. ಹಾಗೆ ಬಿದ್ದರೆ ಸೊಂಟದ ಎಲುಬು ಮುರಿಯಬಹುದು. ಎಚ್ಚರಾದರೆ ಮಂಚದ ಅಂಚಿಗೆ ಎರಡು ನಿಮಿಷ ಕೂತು ಏಳಿ. ಮೊಣಕಾಲು ಸೋತವರಿಗೆ ಹಾಸಿಗೆ ಪಕ್ಕ ಕಮೋಡ್ ಕುರ್ಚಿ ಇಟ್ಟುಕೊಡಿ, ಕುರ್ಚಿಯ ಕಾಲುಗಳ ರಬ್ಬರ್ ಬುಷ್ ಸವೆದಿದ್ದರೆ ಮೊದಲು ಬದಲಿಸಿ.