ಕಣ್ಣಿನ ನರದ ಗುಳಿ ಅಳೆಯುವ ಲೇಸರ್

ಕಣ್ಣಾಸ್ಪತ್ರೆಯಲ್ಲಿ ಲೇಸರ್ ಅಂದ ತಕ್ಷಣ ಬರುವ ಪ್ರಶ್ನೆ, ‘ಹಾಗಾದರೆ ಸರಿಹೋಗುತ್ತಾ?’ ಕಣ್ಣಿನ ನರಕ್ಕೆ ರಕ್ತ ಸಾಲದೆ ನೋಟ ಹೋದವರಿಗೆ ಹಿಡಿಯುವ ಈ ಲೇಸರ್ ಏನನ್ನೂ ಸುಡುವುದಿಲ್ಲ. ಬರೀ ಅಳೆಯುತ್ತದೆ.

ಬೆಳಗ್ಗೆ ಎದ್ದಾಗ ಒಂದು ಕಣ್ಣಿನ ನೋಟದಲ್ಲಿ ಕೆಳಗಿನ ಅರ್ಧ ಮಬ್ಬು. ನೋವಿಲ್ಲ. ಪೊರೆ ಇರಬೇಕು ಅಂತ ಸುಮ್ಮನಾಗುವವರಿದ್ದಾರೆ. ಪೊರೆ ಹೀಗೆ ಬೆಳಗಾಗುವುದರೊಳಗೆ ಬರುವುದಿಲ್ಲ, ಅಲ್ವಾ? ನರಕ್ಕೆ ರಕ್ತ ಸಾಲದಾದಾಗ ಹೀಗಾಗುತ್ತದೆ.

ಕಣ್ಣಿನ ಹಿಂಬದಿಯಲ್ಲಿ ಸುಮಾರು 1.5 ಮಿಲಿಮೀಟರ್ ಅಗಲದ ಕಿಂಡಿಯಿದೆ. ಹತ್ತು ಲಕ್ಷಕ್ಕೂ ಮಿಕ್ಕಿದ ನರದ ಎಳೆಗಳು ಅದರಲ್ಲೇ ಹೊರಹೋಗಬೇಕು. ನಡುವೆ ಉಳಿಯುವ ಜಾಗವೇ ಗುಳಿ, ಡಾಕ್ಟರುಗಳ ಬಾಯಲ್ಲಿ ‘ಕಪ್’. ಕೆಲವರಿಗೆ ಹುಟ್ಟಿನಿಂದಲೇ ಕಿಂಡಿ ಚಿಕ್ಕದು, ಕಪ್ ಇಲ್ಲವೇನೋ ಅನ್ನಿಸುವಷ್ಟು. ತುಂಬಿದ ಬಸ್ಸಿನಲ್ಲಿ ಒಬ್ಬರು ಬ್ಯಾಗು ಹೆಗಲಿಗೇರಿಸಿದರೂ ಪಕ್ಕದವರು ಅಪ್ಪಚ್ಚಿ. ಇಲ್ಲೂ ಹಾಗೇ. ಒಂದಷ್ಟು ಎಳೆ ಊದಿದರೆ ಸಣ್ಣ ರಕ್ತನಾಳಗಳು ಒತ್ತಿಹೋಗಿ, ಬರುತ್ತಿದ್ದ ರಕ್ತವೂ ಇಳಿಯುತ್ತದೆ ಎನ್ನುವುದು ಈಗಿನ ವಿವರಣೆ.

ಗುಳಿ ಅಳೆಯುವ ಉಪಾಯ ಮಾತ್ರ ಸೊಗಸು. 670 ನ್ಯಾನೊಮೀಟರಿನ ಕೆಂಪು ಲೇಸರ್ ಚುಕ್ಕಿ ನರದ ಮೇಲೆ ಸಾಲುಸಾಲಾಗಿ ಓಡುತ್ತದೆ. ವಾಪಸಾಗುವ ಬೆಳಕು ತೀರಾ ಸಣ್ಣ ತೂತಿನಲ್ಲಿ ನುಸುಳಿಯೇ ಬರಬೇಕು. ಫೋಕಸ್ ಇರುವ ಆಳದ ಬೆಳಕು ತೂತಿಗೆ ಸರಿಯಾಗಿ ಬೀಳುತ್ತದೆ. ಅದಕ್ಕಿಂತ ಮೇಲಿನದು, ಕೆಳಗಿನದು ಹರಡಿಕೊಂಡು ಆಚೆಯೇ ಉಳಿಯುತ್ತದೆ. ಫೋಕಸನ್ನು ಮಿಲಿಮೀಟರಿನ ಹದಿನಾರನೇ ಒಂದು ಪಾಲಿನಷ್ಟು ಸರಿಸಿ ಇನ್ನೊಂದು ಚಿತ್ರ. ಮತ್ತೆ ಸರಿಸಿ ಮತ್ತೊಂದು. ಚಿತ್ರಕ್ಕೆ 384 ಸಾಲು, ಸಾಲಿಗೆ 384 ಚುಕ್ಕಿ. ಒಂದೊಂದು ಚುಕ್ಕಿಯೂ ಯಾವ ಆಳದಲ್ಲಿ ಜಾಸ್ತಿ ಹೊಳೆಯಿತೋ ಅಲ್ಲೇ ನರದ ಮೇಲ್ಮೈ. ಈ ತೂತಿನ ಉಪಾಯಕ್ಕೆ 1957ರಲ್ಲೇ ಪೇಟೆಂಟ್ ಕೇಳಿದವರು ಮಾರ್ವಿನ್ ಮಿನ್ಸ್ಕಿ. ಹೌದು, ಕೃತಕ ಬುದ್ಧಿಮತ್ತೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಮಿನ್ಸ್ಕಿಯೇ! ಅವರಿಗೆ ಬೇಕಿದ್ದದ್ದು ಮಿದುಳಿನ ಕೋಶಗಳನ್ನು ನೋಡುವ ಮೈಕ್ರೋಸ್ಕೋಪ್.

ಅಳತೆಯಲ್ಲಿ ಸಿಕ್ಕಿದ್ದು ಇದು. ಗ್ಲಾಕೋಮಾ ಎಂಬ ಕಣ್ಣಿನ ನರದ ಇನ್ನೊಂದು ಕಾಯಿಲೆಯಲ್ಲಿ ಎಳೆಗಳು ಸಾಯುತ್ತಾ ಹೋದಂತೆ ಗುಳಿ ದೊಡ್ಡದಾಗುತ್ತದೆ. ರಕ್ತ ಸಾಲದ ನರದಲ್ಲಿ ಅಷ್ಟೇ ಎಳೆ ಸತ್ತರೂ ನರ ಬಿಳಿಚಿಕೊಳ್ಳುತ್ತದೆ, ಗುಳಿ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಇಂಥವರ ಚೆನ್ನಾಗಿರುವ ಇನ್ನೊಂದು ಕಣ್ಣಿನಲ್ಲೂ ಗುಳಿ ಸಾಮಾನ್ಯವಾಗಿ ಚಿಕ್ಕದೇ.

ಇಕ್ಕಟ್ಟು ಅಂದಮೇಲೆ ನರದ ಹೊದಿಕೆ ಕೊಯ್ದು ಸಡಿಲ ಮಾಡೋಣ ಅಂತ ಆಪರೇಷನ್ನೂ ಶುರುವಾಗಿತ್ತು. ಅಮೆರಿಕದ ದೊಡ್ಡ ಪರೀಕ್ಷೆಯೊಂದು 1995ರಲ್ಲಿ ಅದನ್ನು ನಿಲ್ಲಿಸಿತು. ಆರು ತಿಂಗಳಲ್ಲಿ ನೋಟ ಇನ್ನಷ್ಟು ಕೆಟ್ಟವರು ಆಪರೇಷನ್ ಆದವರಲ್ಲಿ ಶೇ. 24, ಆಗದವರಲ್ಲಿ ಶೇ. 12. ಏನೂ ಮಾಡದೆ ಬಿಟ್ಟವರಲ್ಲಿ ಶೇ. 43ರಷ್ಟು ಮಂದಿಗೆ ನೋಟ ತಾನಾಗಿಯೇ ಸುಧಾರಿಸಿತ್ತು. ಜೇನುತುಪ್ಪ, ಗಿಡದ ರಸ ಕಣ್ಣಿಗೆ ಬಿಟ್ಟು ‘ವಾಸಿಯಾಯ್ತು’ ಅನ್ನುವವರು ಈ ಸಂಖ್ಯೆಯನ್ನು ಒಮ್ಮೆ ನೋಡಬೇಕು.

ಈ ಅಳತೆಗೂ ಮೋಸಹೋಗುವ ಜಾಗ ಒಂದಿದೆ. ವಯಸ್ಸಾದವರಲ್ಲಿ ರಕ್ತನಾಳವೇ ಉರಿಯೂತದಿಂದ ಮುಚ್ಚಿಕೊಂಡು ನರ ಸತ್ತರೆ, ಗುಳಿ ಗ್ಲಾಕೋಮಾದಂತೆಯೇ ದೊಡ್ಡದಾಗುತ್ತದೆ. ಅಷ್ಟಾಗಲು ವಾರಗಟ್ಟಲೆ ಬೇಕು, ಇನ್ನೊಂದು ಕಣ್ಣು ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಅಲ್ಲಿ ಸ್ಕ್ಯಾನಿಗಿಂತ ಮೊದಲು ಕೇಳುವ ಪ್ರಶ್ನೆಗಳೇ ಬೇರೆ: ತಲೆನೋವಿದೆಯಾ, ತಲೆ ಬಾಚಿದರೆ ನೋಯುತ್ತಾ, ಊಟ ಅಗಿಯುವಾಗ ದವಡೆ ಸೋಲುತ್ತಾ? ಹೌದು ಅಂದರೆ ಉರಿಯೂತ ಪತ್ತೆಹಚ್ಚುವ ಇ.ಎಸ್.ಆರ್., ಸಿ.ಆರ್.ಪಿ. ರಕ್ತಪರೀಕ್ಷೆ, ಅವತ್ತೇ ಸ್ಟೀರಾಯ್ಡ್.